ಮೊಗ್ಗಿನ ಜಡೆ, ಬಾಸಿಂಗ, ಸೆರಗು. ಇದ್ದದ್ದು ಒಂದೇ ತಲೆ

ಮದುವೆ ಸೀರೆ ಆರಿಸಲು ನನಗೆ ಎರಡು ದಿನ ಸಾಕಾಯಿತು. ತಲೆಗೆ ಏನು ಅನ್ನುವುದಕ್ಕೆ ಎರಡು ತಿಂಗಳು ಹಿಡಿಯಿತು.

ನಾವು ಮೈಸೂರಿನವರು. ನಮ್ಮ ಮನೆಯಲ್ಲಿ ಮದುಮಗಳು ಅಂದರೆ ಮೊಗ್ಗಿನ ಜಡೆ. ಬೆನ್ನ ಹಿಂದೆ ಕನ್ನಡಿ ಇಟ್ಟು ತೆಗೆಸಿದ ಅಮ್ಮನ ಫೋಟೋ ಈಗಲೂ ಗೋಡೆ ಮೇಲಿದೆ, ಅದರಲ್ಲಿ ಮುಖಕ್ಕಿಂತ ಜಡೆಯೇ ಸ್ಪಷ್ಟ. ಹುಡುಗನ ಮನೆಯವರು ಧಾರವಾಡದವರು. ಅವರಲ್ಲಿ ಹಣೆಗೆ ಬಾಸಿಂಗ, ಮೇಲೆ ತಲೆ ತುಂಬ ಸೆರಗು. “ಬಾಸಿಂಗ ಕಟ್ಟದ ಅಕ್ಕಿಕಾಳ ಬೀಳಂಗಿಲ್ಲ ನೋಡವಾ, ಉಳದದ್ದು ನಿನ್ನ ಇಷ್ಟ” ಅಂದರು ಅತ್ತೆ. ಹಣೆ ಬಾಸಿಂಗಕ್ಕೆ, ನೆತ್ತಿ ಸೆರಗಿಗೆ ಹೋದ ಮೇಲೆ ಉಳಿಯುವುದೇನು?

ಮೊದಲು ಆನ್‌ಲೈನ್‌ನಲ್ಲಿ ಸ್ಪಂಜಿನ ಮೊಗ್ಗಿನ ರೆಡಿಮೇಡ್ ಜಡೆ ತರಿಸಿದೆ. ಫೋಟೋದಲ್ಲಿ ಅಚ್ಚ ಬಿಳಿ, ಕೈಗೆ ಬಂದಾಗ ಹಳೇ ಥರ್ಮಾಕೋಲ್ ಬಣ್ಣ. ಕಟ್ಟಿಕೊಂಡು ಅರ್ಧ ಗಂಟೆ ಮನೆಯಲ್ಲಿ ಓಡಾಡಿದೆ. ತಿರುಗಿದಾಗಲೆಲ್ಲ ಬೆನ್ನಿಗೆ ಪಟ್ ಅಂತ ಬಡಿಯುತ್ತಿತ್ತು. ಅಜ್ಜಿ ಮೂಸಿ ನೋಡಿ ಮುಖ ಕಿವಿಚಿದರು. ವಾಪಸ್ ಹೋಯಿತು.

ಆಮೇಲೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋದೆವು. ಜಡೆ ಕಟ್ಟುವ ಅಮ್ಮ ನಾನು ತೋರಿಸಿದ ಫೋಟೋಗಳನ್ನು ನೋಡಲೇ ಇಲ್ಲ. ಮುಹೂರ್ತ ಎಷ್ಟು ಹೊತ್ತಿಗೆ, ಸ್ವಂತ ಕೂದಲು ಎಷ್ಟುದ್ದ, ಎಣ್ಣೆಶಾಸ್ತ್ರ ಯಾವತ್ತು ಎಂದು ಮೂರೇ ಪ್ರಶ್ನೆ ಕೇಳಿದರು. ಮೂರನೆಯದು ನನಗೆ ಹೊಳೆದೇ ಇರಲಿಲ್ಲ. ತಲೆಗೆ ಎಣ್ಣೆ ಸುರಿಸಿಕೊಂಡು ಮಾರನೆ ಬೆಳಿಗ್ಗೆ ಜಡೆ ಕಟ್ಟಿದರೆ ಚೌರಿಯೂ ನಿಲ್ಲುವುದಿಲ್ಲ, ಪಿನ್ನೂ ನಿಲ್ಲುವುದಿಲ್ಲ. ಶಾಸ್ತ್ರಕ್ಕೆ ನೆತ್ತಿಗೆ ಒಂದೊಂದು ತೊಟ್ಟು ಮುಟ್ಟಿಸಿದರೆ ಸಾಕು ಎಂದು ಮನೆಯ ಮುತ್ತೈದೆಯರನ್ನು ಮೊದಲೇ ಒಪ್ಪಿಸಿಕೊಂಡೆ. ತಲೆಸ್ನಾನಕ್ಕೆ ಸೀಗೆಕಾಯಿ. ಕಂಡೀಷನರ್ ಮುಟ್ಟಲಿಲ್ಲ.

ಮುಹೂರ್ತ ಹತ್ತೂವರೆಗೆ ಇತ್ತು. ನಸುಕಿನಲ್ಲಿ ಕಿತ್ತ ದುಂಡು ಮಲ್ಲಿಗೆ ಮೊಗ್ಗು ಅದೇ ದಿನ ಸಂಜೆ ಅರಳಿಬಿಡುತ್ತದೆ, ಬೆಳಗಿನ ಮದುವೆಗೆ ಇದೇ ತಾಪತ್ರಯ. ಹಾಗಾಗಿ ಮೊಗ್ಗನ್ನು ತಣ್ಣಗಿಟ್ಟುಕೊಂಡು ರಾತ್ರಿ ಕೂತು ಹೊಲಿಯುತ್ತಾರೆ. ನಮ್ಮದು ಮೇ ತಿಂಗಳು, ಮಲ್ಲಿಗೆ ಸುಗ್ಗಿ. ಚಳಿಗಾಲದಲ್ಲಾದರೆ ಮಲ್ಲಿಗೆಗೆ ಚಿನ್ನದ ರೇಟು, ಸುಗಂಧರಾಜದ ಮೊಗ್ಗಿನಲ್ಲೇ ಕಟ್ಟಬೇಕಾಗುತ್ತಿತ್ತು ಅಂದರು. ಮೊಗ್ಗಿನ ಕೆಳಗೆ ರಟ್ಟು ಬೇಡ, ಬಾಳೆಪಟ್ಟೆ ಹಾಕಿ ಎಂದು ಅಜ್ಜಿ ಪಟ್ಟು ಹಿಡಿದರು. ರಟ್ಟು ನೀರು ಕುಡಿದು ಸೊಟ್ಟಗಾಗುತ್ತದೆ, ಬಾಳೆಪಟ್ಟೆ ತಾನೇ ತೇವ ಹಿಡಿದಿಡುತ್ತದೆ, ಬೆನ್ನಿಗೂ ತಂಪು. ಅಜ್ಜಿಯ ಮಾತು ನಿಜವಾಯಿತು.

ಸೆರಗಿನ ಸಮಸ್ಯೆ ಬಿಡಿಸಿದ್ದೂ ಆ ಹೂವಿನ ಅಮ್ಮನೇ. ಸಾಮಾನ್ಯವಾಗಿ ಜಡೆ ನೆತ್ತಿಯ ಹಿಂಭಾಗದಿಂದಲೇ ಶುರುವಾಗಿ, ಮೇಲೆ ದೊಡ್ಡ ಬಿಲ್ಲೆ ಕೂರುತ್ತದೆ. ಅದರ ಮೇಲೆ ಸೆರಗು ಹೊದ್ದರೆ ಗೂನು ಬಂದ ಹಾಗೆ. ನಾವು ಬಿಲ್ಲೆ ಬಿಟ್ಟು, ಕತ್ತಿನ ಬುಡದಿಂದ ಸೊಂಟದವರೆಗೆ ಮಾತ್ರ ಕಟ್ಟಿಸಿದೆವು. ಅಂಚಿಗೆ ಕನಕಾಂಬರ, ಕೊನೆಗೆ ಕುಚ್ಚು. ಅಡುಗೆಮನೆ ತಕ್ಕಡಿಯಲ್ಲಿ ಮುಕ್ಕಾಲು ಕೆ.ಜಿ. ತೂಗಿತು. ಇಷ್ಟು ಭಾರವನ್ನು ಪಿನ್ನಿನ ಮೇಲೆ ಬಿಡಬಾರದು. ಚೌರಿ ಸೇರಿಸಿ ಹೆಣೆದ ಜಡೆಗೆ ಸೂಜಿ ದಾರದಿಂದ ನಾಲ್ಕು ಕಡೆ ಹೊಲಿದೇ ಬಿಟ್ಟರು.

ಬಾಸಿಂಗದ ಆಯ್ಕೆ ವಾಟ್ಸಾಪಿನಲ್ಲಿ ನಡೆಯಿತು. ಅತ್ತೆ ಎರಡು ಕಳಿಸಿದ್ದರು. ಒಂದು ರಟ್ಟಿನ ಮೇಲೆ ಹರಳು, ಮುತ್ತು ಜಡಿದದ್ದು, ಇನ್ನೊಂದು ಬೆಂಡಿನದು. ಹರಳಿನದು ಕಣ್ಣಿಗೆ ಹಬ್ಬ. ಆದರೆ ಅಂಥದ್ದನ್ನೇ ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಹಣೆಗೆ ಹಿಡಿದು ನೋಡಿದಾಗ ಅಂಚು ಹುಬ್ಬಿನ ಮೇಲೆ ಒತ್ತುತ್ತಿತ್ತು. ಬೆಂಡಿನದಕ್ಕೆ ತೂಕವೇ ಇಲ್ಲ, ಅದೇ ಇರಲಿ ಎಂದೆ. ಬಾಸಿಂಗದ ಕೆಳಗೆ ಬೈತಲೆ ಬೊಟ್ಟು ಹಾಕಬೇಡಿ, ಯಾರಿಗೂ ಕಾಣುವುದಿಲ್ಲ, ಚರ್ಮಕ್ಕೆ ಮಾತ್ರ ಚುಚ್ಚುತ್ತದೆ. ನಾನು ಅದನ್ನು ರಿಸೆಪ್ಷನ್‌ಗೆ ಇಟ್ಟುಕೊಂಡೆ. ಬಾಸಿಂಗದ ರೇಷ್ಮೆ ದಾರ ಜಾರುತ್ತದೆ, ಹತ್ತಿ ಲಾಡಿಗೆ ಬದಲಾಯಿಸಿ. ಕಿವಿಯ ಮೇಲಿಂದ ಕಟ್ಟಿಸಿಕೊಳ್ಳಿ, ಇಲ್ಲದಿದ್ದರೆ ಓಲೆಯಿಂದ ಕೂದಲಿಗೆ ಸಿಕ್ಕಿಸುವ ಮಾಟಿ ಸಿಕ್ಕಿಕೊಂಡು ಓಲೆ ಎಳೆಯುತ್ತದೆ. ನನಗೆ ಎಳೆಯಿತು.

ಹಿಂದಿನ ರಾತ್ರಿ ಛತ್ರದ ಫ್ರಿಜ್ ತುಂಬ ಹಾಲಿನ ಪ್ಯಾಕೆಟ್ಟು! ಜಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒದ್ದೆ ಗೋಣಿಚೀಲದ ಮೇಲೆ ನೆಲದಲ್ಲಿ ಮಲಗಿಸಿದೆವು. ಚಿಕ್ಕಮ್ಮ ಪಕ್ಕದಲ್ಲೇ ಮಲಗಿದರು, ಮಕ್ಕಳು ತುಳಿಯದಿರಲಿ ಎಂದು. ಬೆಳಿಗ್ಗೆ ಒಂದು ಮೊಗ್ಗೂ ಬಾಯಿ ಬಿಟ್ಟಿರಲಿಲ್ಲ. ಅಂತರಪಟ ಸರಿದು ಅವರು ನನ್ನ ತಲೆ ಮೇಲೆ ಜೀರಿಗೆ ಬೆಲ್ಲ ಇಟ್ಟಾಗ ಸೆರಗು ತಡೆಯಿತು, ಬೆಲ್ಲ ಕೂದಲಿಗೆ ಅಂಟಲಿಲ್ಲ. ಸೆರಗಿನಿಂದ ಇಂಥ ಲಾಭ ಇದೆ ಎಂದು ಯಾರೂ ಹೇಳಿರಲಿಲ್ಲ. ಸಂಜೆ ರಿಸೆಪ್ಷನ್‌ಗೆ ಸೆರಗು ಇಳಿಯಿತು. ಅಷ್ಟರಲ್ಲಿ ಜಡೆಯೆಲ್ಲ ಅರಳಿ, ಹೊಲಿಗೆಯ ಅಚ್ಚುಕಟ್ಟು ಹೋಗಿ, ಸ್ಟೇಜಿನ ತುಂಬ ಘಮ.

ಬಿಚ್ಚುವಾಗ ಮಾತ್ರ ಮುಕ್ಕಾಲು ಗಂಟೆ. ಹೊಲಿದದ್ದು ಕಪ್ಪು ದಾರದಲ್ಲಿ, ಕೂದಲು ಯಾವುದು ದಾರ ಯಾವುದು ತಿಳಿಯದೆ ನಾದಿನಿ ಕತ್ತರಿ ಹಿಡಿದು ಬೆವರಿದಳು. ಹೋದ ವರ್ಷ ತಂಗಿಯ ಮದುವೆಗೆ ಕೆಂಪು ದಾರ ಹಾಕಿಸಿದೆವು.