ಸೇಠ್ ಮನೆಯ ಮುಂದೆ ನಮ್ಮ ಮನೆ

ಅರವತ್ತೈದು ದಾಟಿದ ಮೇಲೆ ಇನ್ನೊಬ್ಬರ ಮನೆಯಲ್ಲಿ ಉಳಿಯುವುದು ಸುಲಭವಲ್ಲ. ರಾತ್ರಿ ಮೂರು ಸಲ ಏಳಬೇಕು, ಕತ್ತಲಲ್ಲಿ ಸ್ವಿಚ್ಚು ತಡಕಬೇಕು. ಮಡಚಲಾಗದ ಮಂಡಿಗೆ ತಕ್ಕ ಕಮೋಡ್ ಇದೆಯೇ ಎಂದು ಫೋನಿನಲ್ಲಿ ಕೇಳಲು ನಾಚಿಕೆ. ಜೋಧ್‌ಪುರದ ಗೆಳೆಯ ವರ್ಷ ವರ್ಷವೂ ಕರೆದರೂ ನಾವು ಹೋಗದಿದ್ದದ್ದು ಇದೇ ಕಾರಣಕ್ಕೆ. ದೂರವೆಂದು ಹೇಳುತ್ತಿದ್ದದ್ದು ನೆಪ.

ಅವನು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು. ಮಾರವಾಡದವನೆಂದು ನಾವೆಲ್ಲ ಅವನನ್ನು ಸೇಠ್ ಎನ್ನುತ್ತಿದ್ದೆವು. ಇಪ್ಪತ್ತನೆಯ ತಾರೀಖು ಬಂದರೆ ಸಾಲ ಕೇಳುತ್ತಿದ್ದವನೂ ಅವನೇ. ಸ್ವಯಂ ನಿವೃತ್ತಿ ಪಡೆದು ಊರು ಸೇರಿ ಇಪ್ಪತ್ತೆರಡು ವರ್ಷವಾಗಿತ್ತು.

ಉಪಾಯ ಹೊಳೆದದ್ದು ನನ್ನಾಕೆಗೆ: ಮಲಗುವ ಮನೆಯನ್ನೇ ಜೊತೆಗೆ ಒಯ್ದರಾಯಿತು. ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಗ್ಯಾರೇಜಿನಲ್ಲಿ ಹಾಸಿಗೆ ಹಾಕಿಸುವ ಯೋಚನೆ ಮೊದಲು ಇತ್ತು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಹಾಗಾಗಿ ಕ್ಯಾರವಾನ್ ಎಂದೇ ನೋಂದಣಿಯಾಗಿದ್ದ, ಒಬ್ಬರು ಬಳಸಿ ಬಿಟ್ಟ ಗಾಡಿಯನ್ನು ಕೊಂಡೆವು. ನೀರಿನ ಟ್ಯಾಂಕ್ 120 ಲೀಟರ್, 100 ಆಂಪಿಯರ್-ಅವರ್ ಬ್ಯಾಟರಿ, ಚಾವಣಿಯಲ್ಲಿ ಸೌರ ಫಲಕ, ಐದು ಕಿಲೋದ ಗ್ಯಾಸ್ ಸಿಲಿಂಡರ್, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕಮೋಡ್. ಗಾಡಿಯ ಎತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿದೆ. ನಮ್ಮ ಬಡಾವಣೆಯ ಕೇಬಲ್ ತಂತಿಯೊಂದನ್ನು ಮೊದಲ ದಿನವೇ ಕಿತ್ತು ಬಂದ ಮೇಲೆ ಬಂದ ಬುದ್ಧಿ ಇದು.

ಡಿಸೆಂಬರ್‌ನಲ್ಲಿ ಹೊರಟೆವು. ಅಹಮದಾಬಾದ್‌ವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ ಪಾಲನ್‌ಪುರ, ಸಿರೋಹಿ, ಪಾಲಿ. ಸುಮಾರು ಎರಡು ಸಾವಿರ ಕಿಲೋಮೀಟರ್. ದಿನಕ್ಕೆ 250ಕ್ಕಿಂತ ಹೆಚ್ಚು ಓಡಿಸಲಿಲ್ಲ, ಕತ್ತಲಾದ ಮೇಲೆ ಕೀಲಿ ಮುಟ್ಟಲಿಲ್ಲ. ದಾರಿಯ ಬಗ್ಗೆ ಇಷ್ಟು ಸಾಕು.

ಮೆಹ್ರಾನ್‌ಗಢ ಕೋಟೆಯ ಕೆಳಗಿನ ಗಲ್ಲಿಗಳಲ್ಲಿ ಆಟೋ ಕೂಡ ಹೊಟ್ಟೆ ಎಳೆದುಕೊಂಡು ಹೋಗಬೇಕು. ಪುಣ್ಯಕ್ಕೆ ಸೇಠ್ ಊರಾಚೆ ಮನೆ ಕಟ್ಟಿಸಿದ್ದ. ನಾವು ರಾತ್ರಿ ಗಾಡಿಯಲ್ಲೇ ಮಲಗುತ್ತೇವೆ ಎಂದಾಗ ಅವನ ಹೆಂಡತಿ ಭಾಭಿಯ ಮುಖ ಚಿಕ್ಕದಾಯಿತು. ನಾಲ್ಕು ಕೋಣೆಯ ಮನೆ ಇಟ್ಟುಕೊಂಡು ನೆಂಟರನ್ನು ಬೀದಿಯಲ್ಲಿ ಮಲಗಿಸಿದರೆ ನೆರೆಯವರು ಏನೆಂದಾರು? ನನ್ನಾಕೆ ಏನೂ ವಾದಿಸದೆ ಆಕೆಯನ್ನು ಒಳಗೆ ಕರೆದೊಯ್ದು ಕಮೋಡ್ ತೋರಿಸಿ ತನ್ನ ಮಂಡಿ ಮುಟ್ಟಿಕೊಂಡಳು. ಭಾಭಿ ತನ್ನ ಮಂಡಿಯನ್ನೂ ಮುಟ್ಟಿಕೊಂಡು ನಕ್ಕರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು.

ಊಟ ಅವರ ಮನೆಯಲ್ಲಿ, ನಿದ್ದೆ ನಮ್ಮಲ್ಲಿ. ಮರುದಿನ ಬೆಳಗಿನ ಜಾವ ಯಾರೋ ಬಾಗಿಲು ತಟ್ಟಿದರು. ಶಾಲು ಹೊದ್ದ ಸೇಠ್. "ಅತ್ತಿಗೆ, ಫಿಲ್ಟರ್ ಕಾಫಿ ವಾಸನೆ ಬಂತು" ಎಂದ, ಅಚ್ಚ ಕನ್ನಡದಲ್ಲಿ. ಅವನ ಮನೆಯಲ್ಲಿ ಎಲ್ಲರಿಗೂ ಚಹಾ. ಅಲ್ಲಿಂದ ಐದು ದಿನವೂ ಅದೇ ಹೊತ್ತಿಗೆ ಬಂದು, ಕಾಲು ಮಡಚಿ ನಮ್ಮ ಹಾಸಿಗೆಯ ಮೇಲೆ ಕುಳಿತು, ಕ್ಯಾಂಟೀನಿನ ಉಪ್ಪಿಟ್ಟಿನಿಂದ ಹಿಡಿದು ಸತ್ತವರ ಲೆಕ್ಕದವರೆಗೆ ಮಾತಾಡಿದ. ಮೊಮ್ಮಕ್ಕಳ ಮುಂದೆ ಅವನು ಬೇರೆಯೇ ಮನುಷ್ಯ.

ಭಾಭಿ ಬಡಿಸಿದ ಕೇರ್-ಸಾಂಗ್ರಿ ಪಲ್ಯದ ಸಾಂಗ್ರಿ ಎಂದರೆ ಖೇಜ್ರಿ ಮರದ ಕಾಯಿ. ಮರ ತೋರಿಸಿದಾಗ ಧಾರವಾಡದವಳಾದ ನನ್ನಾಕೆ ಎಲೆ ಹಿಡಿದು ನೋಡಿ, "ಇದು ಬನ್ನಿ!" ಎಂದಳು. ದಸರೆಯಲ್ಲಿ ಬಂಗಾರವೆಂದು ಹಂಚುವ ಬನ್ನಿಯನ್ನು ಇಲ್ಲಿ ಬೇಯಿಸಿ ಉಣ್ಣುತ್ತಾರೆ. 1730ರಲ್ಲಿ ಇದೇ ಮರಗಳನ್ನು ಕಡಿಯಲು ಬಂದವರಿಗೆ ಅಡ್ಡ ನಿಂತು ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟ ಖೇಜಡ್ಲಿ ಹಳ್ಳಿ ಜೋಧ್‌ಪುರದ ಹತ್ತಿರವೇ ಇದೆ. ಅಲ್ಲಿಗೂ ಹೋಗಿಬಂದೆವು.

ಜೈಸಲ್ಮೇರ್‌ಗೆ ಹೊರಟ ದಿನ ಸೇಠ್ ದಂಪತಿ ಬ್ಯಾಗಿನೊಂದಿಗೆ ನಿಂತಿದ್ದರು. ಇಬ್ಬರ ಗಾಡಿಯಲ್ಲಿ ನಾಲ್ವರು. ನಾನು ಮಾಡಿದ ತಪ್ಪೆಂದರೆ ಟ್ಯಾಂಕ್ ತುಂಬಿಸಿಕೊಂಡದ್ದು. 120 ಲೀಟರ್ ನೀರೆಂದರೆ 120 ಕಿಲೋ, ಅಷ್ಟೂ ಹಿಂದಿನ ಚಕ್ರದ ಮೇಲೆ. ಸಮ್ ಮರಳುದಿಬ್ಬಗಳ ಬಳಿ ಫೋಟೋಗೆಂದು ಡಾಂಬರಿನಿಂದ ಎರಡು ಮಾರು ಕೆಳಗಿಳಿಸಿದೆ. ಚಕ್ರ ಅರ್ಧ ಹೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಆಳ. ಟೈರಿನ ಗಾಳಿ ಒಂದಷ್ಟು ಇಳಿಸಿದೆ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕೂತು ಮರಳನ್ನು ಹಿಡಿಯುತ್ತದೆ. ಚಕ್ರದಡಿ ಕಾಲೊರಸು ತುರುಕಿದೆವು. ಆದರೂ ಕೊನೆಗೆ ಎಳೆದದ್ದು ಹಳ್ಳಿಯ ಟ್ರ್ಯಾಕ್ಟರ್. ಮತ್ತೆ ಗಾಳಿ ತುಂಬಿಸದೆ ಡಾಂಬರಿನಲ್ಲಿ ವೇಗವಾಗಿ ಓಡಿಸುವಂತಿಲ್ಲ. ಸಣ್ಣ ಕಂಪ್ರೆಸರ್ ಇದ್ದದ್ದು ಒಳ್ಳೆಯದಾಯಿತು.

ನಾಲ್ವರಿಗೆ ನೀರು ಒಂದೂವರೆ ದಿನವೂ ಬರಲಿಲ್ಲ. ಭಾಭಿ ಪಾತ್ರೆಗಳನ್ನು ಒಣ ಮರಳಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿಟ್ಟರು, ತೊಳೆದದ್ದಕ್ಕಿಂತ ಹೊಳೆಯುತ್ತಿದ್ದವು. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಕುಲಧರಾ ಊರನ್ನು ನೋಡಲು ಹೋದಾಗ ಎಲ್ಲರೂ ಭೂತದ ಕಥೆ ಹೇಳಿದರು. ನನಗೆ ಕುತೂಹಲ ಹುಟ್ಟಿಸಿದ್ದು ಪಾಲಿವಾಲರ ಖಡೀನ್: ಇಳಿಜಾರಿನ ಕೊನೆಗೆ ಮಣ್ಣಿನ ಒಡ್ಡು ಕಟ್ಟಿ ಮಳೆನೀರು ತಡೆಯುವುದು, ಅದು ಇಂಗಿದ ಮೇಲೆ ಆ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ ಬೆಳೆಯುವುದು.

ರಾತ್ರಿ ಚಳಿ ತಗಡನ್ನು ತೂರಿ ಬರುತ್ತದೆ. ಬೆಚ್ಚಗಾಗಲೆಂದು ಒಳಗೆ ಗ್ಯಾಸ್ ಒಲೆ ಹಚ್ಚಿಡಬೇಡಿ, ವಿಷಾನಿಲ ತುಂಬುತ್ತದೆ. ಎಷ್ಟೇ ಚಳಿಯಿದ್ದರೂ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟು, ಹೆಂಗಸರಿಗೆ ಹಾಸಿಗೆ ಬಿಟ್ಟು, ನಾವಿಬ್ಬರು ಮುಂದಿನ ಸೀಟುಗಳಲ್ಲಿ ಕಂಬಳಿ ಹೊದ್ದು ಒರಗಿದೆವು.

ಎಚ್ಚರವಾದಾಗ ಇನ್ನೂ ಕತ್ತಲೆ. ಸೇಠ್ ಆಗಲೇ ಎದ್ದು ತನ್ನ ಹಳೆಯ ಎಚ್‌ಎಂಟಿ ಜನತಾ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. "ಆರೂಮುಕ್ಕಾಲು" ಎಂದ.

"ನಿನ್ನ ಗಡಿಯಾರ ಕೆಟ್ಟಿದೆ. ಬೆಂಗಳೂರಿನಲ್ಲಿ ಈ ಹೊತ್ತಿಗೆ ಬಿಸಿಲು ಬಂದಿರುತ್ತದೆ."

"ನೀನೇ ಜೋಡಿಸಿದ್ದು" ಎಂದ.

ದೇಶದ ಪಡುವಣ ಅಂಚಿನಲ್ಲಿ ಸೂರ್ಯ ತಡವಾಗಿ ಏಳುತ್ತಾನೆ. ಅವನು ದಿಬ್ಬದ ಮೇಲೆ ಕಾಣಿಸಿಕೊಳ್ಳುವಷ್ಟರಲ್ಲಿ ಏಳೂವರೆಯಾಗಿತ್ತು, ಎರಡನೆಯ ಸಲದ ಕಾಫಿ ಮುಗಿದಿತ್ತು.