ಒರಟು ಗಡ್ಡ, ಉರಿಯದ ಕ್ಷೌರ

ನನ್ನದು ತಂತಿಯಂಥ ಗಡ್ಡ. ಮಡಚುವ ಕ್ಷೌರದ ಕತ್ತಿ ಆಡಿಸಿದಾಗಲೆಲ್ಲ ಗಲ್ಲದ ಕೆಳಗೆ ಜಗ್ಗಿ ಎಳೆದು, ಮಧ್ಯಾಹ್ನದವರೆಗೂ ಉರಿಯುತ್ತಿತ್ತು. ಸಾಣೆ ಹಿಡಿಸಿದರೂ ಉರಿ ಹೋಗಲಿಲ್ಲ.

ಮದ್ದು ಸಿಕ್ಕಿದ್ದು ನೀರಿನಲ್ಲಿ. ಒಣ ಕೂದಲು ಗಟ್ಟಿ. ಎರಡು ಮೂರು ನಿಮಿಷ ಬಿಸಿನೀರು ಹೀರಿಕೊಂಡರೆ ಮೆತ್ತಗಾಗುತ್ತದೆ. ಈಗ ಸ್ನಾನ ಮುಗಿಸಿಯೇ ಕನ್ನಡಿಯ ಮುಂದೆ ನಿಲ್ಲುತ್ತೇನೆ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯೇ ಕಟ್ಟುತ್ತಿರಲಿಲ್ಲ. ಫಿಲ್ಟರ್ ನೀರು ಅರ್ಧ ಲೋಟ ಸಾಕು: ಬ್ರಷ್ಷನ್ನು ಸುತ್ತಿಸಿ ಸುತ್ತಿಸಿ ತಿಕ್ಕಿದರೆ ನೊರೆ ಬುಡಕ್ಕಿಳಿದು, ಮಲಗಿದ ಕೂದಲೂ ಎದ್ದು ನಿಲ್ಲುತ್ತದೆ.

ಕ್ಷೌರಕ್ಕೆ ಮೊದಲು ಅಲಗು ನಯವಾಗಲೆಂದು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಅದರ ಬೆನ್ನು ಮುಂದಾಗಿ ಎಳೆಯಬೇಕು. ಅಲಗು ಮುಂದಾದರೆ ಪಟ್ಟಿಯೇ ಸೀಳುತ್ತದೆ. ಕ್ಷೌರ ಮಾಡುವಾಗ ಕತ್ತಿ ಮುಖಕ್ಕೆ ಸುಮಾರು 30 ಡಿಗ್ರಿ ಓರೆ. ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಹಿಡಿದಿರಬೇಕು. ಮೊದಲು ಕೂದಲು ಬೆಳೆದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಅಡ್ಡಲಾಗಿ. ನನ್ನ ಕೊರಳಿನಲ್ಲಿ ಕೂದಲು ಪಕ್ಕಕ್ಕೆ ಬೆಳೆಯುತ್ತದೆ. ಬೆರಳಾಡಿಸಿ ನೋಡಿದ ಮೇಲಷ್ಟೇ ತಿಳಿಯಿತು. ಎದುರುದಿಕ್ಕಿಗೆ ಎಳೆಯುವ ಹಟ ನನಗಿಲ್ಲ. ಅಷ್ಟು ನುಣುಪು ಬೇಕೆನ್ನುವವರು ರಕ್ತಕ್ಕೂ ಸಿದ್ಧರಿರಲಿ!

ಕೊನೆಗೆ ತಣ್ಣೀರು, ಪಟಿಕ. ಕತ್ತಿಯನ್ನು ಒರೆಸಿ, ಒಣಗಿಸಿಯೇ ಮಡಚಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಗ್ಯಾರಂಟಿ.