ಎಲ್ಡೆನ್ ರಿಂಗ್‌ನಲ್ಲಿ ನಾನು ಮಾಂತ್ರಿಕನನ್ನು ಕಟ್ಟಿದ ಬಗೆ

ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ಎಲ್ಡೆನ್ ರಿಂಗ್ ಎಂಬ ವಿಡಿಯೊ ಗೇಮ್ 2022ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗಿನಿಂದಲೂ ಅದರಲ್ಲಿ ಮಾಂತ್ರಿಕನಾಗಿ ಆಡುವುದು ಸುಲಭದ ದಾರಿ ಎಂಬ ಮಾತು ಆಟಗಾರರಲ್ಲಿ ಚಾಲ್ತಿಯಲ್ಲಿದೆ. ದೂರದಲ್ಲಿ ನಿಂತು ಮಂತ್ರ ಎಸೆದರಾಯಿತು, ಕತ್ತಿ ಹಿಡಿದವರ ಹಾಗೆ ಬಾಸ್‌ನ, ಅಂದರೆ ದೊಡ್ಡ ಎದುರಾಳಿಯ, ಕಾಲಬುಡಕ್ಕೆ ಹೋಗಬೇಕಿಲ್ಲ ಎಂಬುದು ಆ ಮಾತಿನ ಹುರುಳು. ಆದರೆ ಮಂತ್ರ ಹಾಕುತ್ತಿರುವಷ್ಟು ಹೊತ್ತು ನಮ್ಮ ಪಾತ್ರ ಉರುಳಿ ತಪ್ಪಿಸಿಕೊಳ್ಳುವಂತಿಲ್ಲ, ಗುರಾಣಿ ಎತ್ತುವಂತಿಲ್ಲ. ಅಷ್ಟರಲ್ಲಿ ಒಂದು ಏಟು ಬಿದ್ದರೆ ಮಂತ್ರವೂ ಕೆಡುತ್ತದೆ, ಜೀವವೂ ಹೋಗುತ್ತದೆ. ಆದ್ದರಿಂದ ಯಾವ ಮಂತ್ರ ಹೆಚ್ಚು ಹಾನಿ ಮಾಡುತ್ತದೆ ಎಂದು ಕೇಳುವುದಕ್ಕೆ ಮೊದಲು, ಅದನ್ನು ಹಾಕಲು ಬೇಕಾದ ಸಮಯ ನನಗೆ ಎಲ್ಲಿಂದ ಸಿಗುತ್ತದೆ ಎಂದು ಕೇಳಿಕೊಂಡೆ. ನನ್ನ ಬಿಲ್ಡ್, ಅಂದರೆ ಪಾತ್ರದ ಗುಣ, ಆಯುಧ, ಮಂತ್ರಗಳ ಜೋಡಣೆ, ಕಟ್ಟಿಕೊಂಡಿದ್ದು ಈ ಒಂದು ಪ್ರಶ್ನೆಯ ಸುತ್ತ.

ಆರಂಭದ ವರ್ಗವಾಗಿ ನಾನು ಆರಿಸಿದ್ದು ಆಸ್ಟ್ರಾಲಜರ್. ಅದು 6ನೆಯ ಲೆವೆಲ್‌ನಿಂದ ಶುರುವಾಗುತ್ತದೆ; ಲೆವೆಲ್ ಒಂದೊಂದು ಏರಿದಾಗಲೂ ಯಾವುದಾದರೊಂದು ಗುಣಕ್ಕೆ ಒಂದು ಅಂಕ ಹಾಕಬಹುದು. ಮಂತ್ರಗಳ ಬಲ ಹೆಚ್ಚಿಸುವ ಇಂಟೆಲಿಜೆನ್ಸ್ 16, ಮಂತ್ರ ಹಾಕಲು ಬೇಕಾದ ಎಫ್‌ಪಿ ಹೆಚ್ಚಿಸುವ ಮೈಂಡ್ 15, ಜೀವಬಲವಾದ ಎಚ್‌ಪಿ ಹೆಚ್ಚಿಸುವ ವಿಗರ್ ಮಾತ್ರ ಕೇವಲ 9. ಇನ್ನೊಂದು ಆಯ್ಕೆಯಾದ ಪ್ರಿಸನರ್ 9ನೆಯ ಲೆವೆಲ್‌ನಿಂದ ಶುರುವಾಗುತ್ತದೆ, ಇಂಟೆಲಿಜೆನ್ಸ್ 14, ಕೈಚಳಕದ ಗುಣವಾದ ಡೆಕ್ಸ್ಟೆರಿಟಿಯೂ 14, ಕೈಯಲ್ಲಿ ಎಸ್ಟಾಕ್ ಎಂಬ ಚೂಪು ಕತ್ತಿ. ಕತ್ತಿಯನ್ನೂ ಮಂತ್ರವನ್ನೂ ಸಮಸಮವಾಗಿ ಬಳಸಬೇಕೆನ್ನುವವರಿಗೆ ಪ್ರಿಸನರ್ ಒಳ್ಳೆಯದು. ನನಗೆ ಆದಷ್ಟು ಬೇಗ ಇಂಟೆಲಿಜೆನ್ಸ್ 18 ಮುಟ್ಟಬೇಕಿತ್ತು. ಆಸ್ಟ್ರಾಲಜರ್ 8ನೆಯ ಲೆವೆಲ್‌ನಲ್ಲೇ ಅಲ್ಲಿಗೆ ತಲುಪುತ್ತಾನೆ, ಪ್ರಿಸನರ್ ತಲುಪುವುದು 13ರಲ್ಲಿ. ಅಲ್ಲದೆ ಮಾಂತ್ರಿಕನಿಗೆ ಎಂದೂ ಬೇಕಾಗದ ಗುಣಗಳಲ್ಲಿ ಆಸ್ಟ್ರಾಲಜರ್ ಹೆಚ್ಚು ಅಂಕ ಕಟ್ಟಿಹಾಕಿಲ್ಲ. ಆಟದ ಕೊನೆಯವರೆಗೂ ಇದರ ಲಾಭ ಉಳಿಯುತ್ತದೆ.

18 ಏಕೆ ಎಂದರೆ, ಕೇಲಿಡ್ ಪ್ರಾಂತ್ಯದ ಏಯೋನಿಯಾ ಜೌಗಿನಲ್ಲಿ ಸ್ಟ್ರೀಟ್ ಆಫ್ ಸೇಜಸ್ ಎಂಬ ಪಾಳು ಕಟ್ಟಡಗಳಿವೆ, ಅಲ್ಲಿ ಮೀಟಿಯೊರೈಟ್ ಸ್ಟಾಫ್ ಎಂಬ ಮಂತ್ರದಂಡ ಸಿಗುತ್ತದೆ, ಅದಕ್ಕೆ ಬೇಕಾದ ಇಂಟೆಲಿಜೆನ್ಸ್ ಅಷ್ಟೇ. ಅದನ್ನು ಸ್ಮಿಥಿಂಗ್ ಸ್ಟೋನ್ ಕೊಟ್ಟು ಬಲಪಡಿಸಲು ಆಗುವುದಿಲ್ಲ, ಆದರೆ ಕೈಗೆ ಬಂದ ಕ್ಷಣದಿಂದಲೇ ಇಂಟೆಲಿಜೆನ್ಸ್‌ನಲ್ಲಿ ಅದರ ಸ್ಕೇಲಿಂಗ್, ಅಂದರೆ ಆ ಗುಣ ಏರಿದಂತೆ ದಂಡದ ಬಲ ಏರುವ ಪ್ರಮಾಣ, ಎಲ್ಲಕ್ಕಿಂತ ಮೇಲಿನ ಎಸ್ ದರ್ಜೆಯದು. ಅದೇ ಪಾಳಿನ ನೆಲಮಾಳಿಗೆಯಲ್ಲಿ ರಾಕ್ ಸ್ಲಿಂಗ್ ಎಂಬ ಮಂತ್ರವಿದೆ. ಅದಕ್ಕೂ 18 ಸಾಕು. ಅದು ಗುರುತ್ವದ ಮಂತ್ರವಾದ್ದರಿಂದ ಈ ದಂಡದಲ್ಲಿ ಹಾಕಿದಾಗ ಅದರ ಬಲ ಇನ್ನೂ ಶೇ. 30ರಷ್ಟು ಹೆಚ್ಚುತ್ತದೆ. ಯಾವ ಬಾಸ್‌ನನ್ನೂ ಸೋಲಿಸದೆ ಇವೆರಡನ್ನೂ ತರಬಹುದು. ಆಟ ಶುರುವಾಗುವ ಲಿಮ್‌ಗ್ರೇವ್ ಪ್ರಾಂತ್ಯದಿಂದ ಪೂರ್ವದ ರಸ್ತೆ ಹಿಡಿದು, ಟೊರೆಂಟ್ ಕುದುರೆಯಿಂದ ಬೇಕಾದಲ್ಲಿ ಮಾತ್ರ ಇಳಿಯುತ್ತ, ಎದುರಿಗೆ ಬಂದವರನ್ನೆಲ್ಲ ಹಿಂದೆ ಬಿಟ್ಟು ನಾನು ಅಲ್ಲಿಗೆ ಹೋದೆ. ಜೌಗಿನ ನೀರಿನಲ್ಲಿ ನಿಂತರೆ ಜೀವ ಸವೆಸುವ ಸ್ಕಾರ್ಲೆಟ್ ರಾಟ್ ಎಂಬ ರೋಗ ಅಂಟಿಕೊಳ್ಳುತ್ತದೆ, ಹಾಗಾಗಿ ಸುತ್ತ ನೋಡುತ್ತ ನಿಲ್ಲುವ ಜಾಗ ಅದಲ್ಲ.

ರಾಕ್ ಸ್ಲಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸಮಯದ ಲೆಕ್ಕವನ್ನು ನನಗೆ ಕಲಿಸಿದ ಮಂತ್ರ ಅದೇ. ದಂಡ ಎತ್ತಿದಾಗ ನೆಲದಿಂದ ಮೂರು ಬಂಡೆಗಳು ಕಿತ್ತು ಮೇಲೇಳುತ್ತವೆ, ತಲೆಯ ಮಟ್ಟದಲ್ಲಿ ಒಂದು ಕ್ಷಣ ತೂಗಿ ನಿಲ್ಲುತ್ತವೆ, ಆಮೇಲೆ ಒಂದರ ಹಿಂದೊಂದು ಶತ್ರುವಿನತ್ತ ಹಾರುತ್ತವೆ. ಆರಂಭದ ಗ್ಲಿಂಟ್‌ಸ್ಟೋನ್ ಪೆಬಲ್‌ಗೆ ಹೋಲಿಸಿದರೆ ಇದಕ್ಕೆ ಹಿಡಿಯುವ ಹೊತ್ತು ಬಹಳ ಹೆಚ್ಚು. ಪೆಬಲ್ ಅನ್ನು 7 ಎಫ್‌ಪಿ ವೆಚ್ಚದಲ್ಲಿ ಓಡಾಡುತ್ತಲೇ ಎಸೆಯಬಹುದು. ಬಂಡೆಗಳಿಗೆ ಬಿಡುವು ಬೇಕು. ಹಾಗಿದ್ದರೂ ನಾನು ಬಂಡೆಗಳನ್ನೇ ನೆಚ್ಚಿಕೊಂಡಿದ್ದಕ್ಕೆ ಎರಡು ಕಾರಣಗಳಿವೆ. ಒಂದು, ಬಹಳ ದೂರದಿಂದ ಎಸೆದರೂ ಅವು ಗುರಿಯತ್ತ ತಿರುಗಿ ಹೋಗುತ್ತವೆ, ಆದ್ದರಿಂದ ಬೇಕಾದ ಬಿಡುವನ್ನು ದೂರವೇ ಒದಗಿಸುತ್ತದೆ. ಎರಡನೆಯದು ಇನ್ನೂ ಮುಖ್ಯ: ಅವು ಮಾಡುವ ಹಾನಿ ಮಾಂತ್ರಿಕ ಹಾನಿಯಲ್ಲ, ಭೌತಿಕ ಹಾನಿ, ಜೊತೆಗೆ ಶತ್ರುವಿನ ನಿಲುವನ್ನೂ ಮುರಿಯುತ್ತವೆ, ಅಂದರೆ ಅವನು ತತ್ತರಿಸುವಂತೆ ಮಾಡುತ್ತವೆ. ಸ್ಫಟಿಕದ ಮೈಯ ಕ್ರಿಸ್ಟಾಲಿಯನ್‌ಗಳು ಎದುರಾದಾಗ ಇದರ ಬೆಲೆ ತಿಳಿಯುತ್ತದೆ. ಅವುಗಳ ಮೈಗೆ ಪೆಬಲ್ ತಾಗಿದರೆ ಹೆಚ್ಚೇನೂ ಆಗುವುದಿಲ್ಲ. ಬಂಡೆಗಳು ಬಡಿದು ನಿಲುವು ಮುರಿದರೆ ಅಲ್ಲಿಂದ ಮುಂದೆ ಯಾವ ಏಟಾದರೂ ನಾಟುತ್ತದೆ. ತಗ್ಗಾದ ಗುಹೆಗಳಲ್ಲಿ ಮಾತ್ರ ಬಂಡೆಗಳು ಛಾವಣಿಗೆ ಬಡಿದು ವ್ಯರ್ಥವಾಗುವುದುಂಟು, ಆದ್ದರಿಂದ ಅಂಥಲ್ಲಿ ನಾನು ಪೆಬಲ್‌ಗೇ ಮರಳುತ್ತಿದ್ದೆ.

ದಂಡ ಕೈಗೆ ಬಂದ ಮೇಲೆ ಬಂದ ಲೆವೆಲ್‌ಗಳನ್ನು ನಾನು ಇಂಟೆಲಿಜೆನ್ಸ್‌ಗೆ ಹಾಕಲಿಲ್ಲ. ವಿಗರ್ 20 ಮುಟ್ಟುವವರೆಗೂ ಅದಕ್ಕೇ ಹಾಕಿದೆ. ಮಾಂತ್ರಿಕನಿಗೆ ವಿಗರ್ ಏಕೆ, ಏಟು ತಿನ್ನದಿದ್ದರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ನಿಂತಿರುವ ಮಾರ್ಗಿಟ್ ಎಂಬ ಬಾಸ್‌ನ ಮುಂದೆ ಈ ವಾದ ನಿಲ್ಲುವುದಿಲ್ಲ. ಅವನು ಕೋಲೆತ್ತಿ, ಈಗ ಹೊಡೆದ ಎನ್ನುವಾಗ ತಡೆದು, ನಾವು ಉರುಳಿ ಎದ್ದ ಮೇಲೆ ಹೊಡೆಯುತ್ತಾನೆ. ದೂರ ಸರಿದು ಮಂತ್ರ ಹಾಕಲು ಅಥವಾ ಚೇತರಿಕೆಯ ಮದ್ದಿರುವ ಫ್ಲಾಸ್ಕ್ ಕುಡಿಯಲು ಹೋದರೆ ಹೊಳೆಯುವ ಚೂರಿಗಳನ್ನು ಎಸೆಯುತ್ತಾನೆ. ಒಂದೇ ಏಟಿಗೆ ಸಾಯುವ ಪಾತ್ರಕ್ಕೆ ಇಂಥವನ ಲಯ ಕಲಿಯಲು ಅವಕಾಶವೇ ಸಿಗುವುದಿಲ್ಲ. ಎರಡು ಏಟು ತಾಳುವ ಪಾತ್ರಕ್ಕೆ ಮಂತ್ರ ಮುಗಿಸುವ ಧೈರ್ಯ ಇರುತ್ತದೆ. ಆಟದ ಲೆಕ್ಕವೂ ಇದಕ್ಕೆ ಒತ್ತಾಸೆಯಾಗಿದೆ: ವಿಗರ್ 25ರಲ್ಲಿ ಎಚ್‌ಪಿ 800 ಇದ್ದರೆ 40ರಲ್ಲಿ 1450, 60ರಲ್ಲಿ 1900. ಅಂದರೆ 25ರಿಂದ 40ರವರೆಗಿನ ಹದಿನೈದು ಅಂಕಗಳು ಕೊಡುವಷ್ಟನ್ನು ಮುಂದಿನ ಇಪ್ಪತ್ತು ಅಂಕಗಳೂ ಕೊಡುವುದಿಲ್ಲ.

ಮಾರ್ಗಿಟ್‌ನ ಎದುರು ಬಿಡುವು ಒದಗಿಸಿದ ಇನ್ನೊಂದು ಸಾಧನ ಲೋನ್ ವುಲ್ಫ್ ಆಶಸ್. ಅದರಿಂದ ಮೂರು ತೋಳಗಳನ್ನು ನೆರವಿಗೆ ಕರೆಯಲು 55 ಎಫ್‌ಪಿ ಬೇಕು. ಮಾಂತ್ರಿಕನಿಗೆ ಅದು ದುಬಾರಿ ವೆಚ್ಚವೆಂದು ಕಾಣಬಹುದು, ಆದರೆ ಬಾಸ್ ತೋಳಗಳತ್ತ ಮುಖ ಮಾಡಿದಷ್ಟು ಹೊತ್ತು ನಾನು ನಿರಾತಂಕವಾಗಿ ಬಂಡೆ ಎಸೆಯಬಹುದಿತ್ತು. ಕರೆದ ಕೂಡಲೇ ಎಫ್‌ಪಿ ತುಂಬುವ ಒಂದು ನೀಲಿ ಫ್ಲಾಸ್ಕ್ ಕುಡಿದುಬಿಡುವುದು ನನ್ನ ರೂಢಿಯಾಯಿತು. ಕೆಂಪು (ಎಚ್‌ಪಿ ತುಂಬುವ) ಮತ್ತು ನೀಲಿ ಫ್ಲಾಸ್ಕ್‌ಗಳ ಪಾಲನ್ನು ಗ್ರೇಸ್ ಎಂಬ ವಿಶ್ರಾಂತಿ ತಾಣದಲ್ಲಿ ಕೂತು ಯಾವಾಗ ಬೇಕಾದರೂ ಬದಲಿಸಬಹುದು. ಹೊಸ ಊರು ಸುತ್ತುವಾಗ ನೀಲಿಯನ್ನು ಹೆಚ್ಚಿಟ್ಟುಕೊಂಡು, ಬಾಸ್‌ನ ಮುಂದೆ ಕೆಂಪನ್ನು ಹೆಚ್ಚಿಸುತ್ತಿದ್ದೆ.

ಮಂತ್ರಗಳ ಆಯ್ಕೆಗೆ ಬಂದರೆ, ಲಿಮ್‌ಗ್ರೇವ್‌ನ ವೇಪಾಯಿಂಟ್ ಪಾಳಿನ ನೆಲಮಾಳಿಗೆಯಲ್ಲಿ ಕುಂಬಳಕಾಯಿ ತಲೆಯ ದೈತ್ಯನನ್ನು ಸೋಲಿಸಿದರೆ ಸೆಲೆನ್ ಎಂಬ ಗುರು ಸಿಗುತ್ತಾಳೆ. ಅವಳಿಗೆ ರಾಯಲ್ ಹೌಸ್ ಸ್ಕ್ರೋಲ್ ತಂದುಕೊಟ್ಟರೆ ಕ್ಯಾರಿಯನ್ ಸ್ಲೈಸರ್ ಮತ್ತು ಗ್ಲಿಂಟ್‌ಬ್ಲೇಡ್ ಫಾಲಾಂಕ್ಸ್ ಕಲಿಸುತ್ತಾಳೆ, ಮತ್ತು ಈ ಎರಡನ್ನೂ ಮಾಂತ್ರಿಕರು ಹಗುರವಾಗಿ ಕಾಣಬಾರದೆಂದು ನನ್ನ ಖಚಿತ ಅಭಿಪ್ರಾಯ. ಸ್ಲೈಸರ್‌ನಲ್ಲಿ ದಂಡದ ತುದಿಯಿಂದ ನೀಲಿ ಕತ್ತಿಯೊಂದು ಮೂಡಿ ಬೀಸುತ್ತದೆ. ಅದು ಎಷ್ಟು ಚುರುಕಾದುದೆಂದರೆ ಬಾಸ್ ಮೈಮೇಲೆ ಬಂದ ಗಳಿಗೆಯಲ್ಲೂ ಅವನ ಎರಡು ಏಟುಗಳ ನಡುವೆ ಅದನ್ನು ತೂರಿಸಬಹುದು. ಫಾಲಾಂಕ್ಸ್‌ನದು ಬೇರೆಯೇ ಉಪಾಯ. ತಲೆಯ ಮೇಲೆ ಕಮಾನಿನಂತೆ ಕತ್ತಿಗಳನ್ನು ಮೂಡಿಸಿ ಬಿಟ್ಟರೆ, ಶತ್ರು ಹತ್ತಿರ ಬಂದಾಗ ಅವು ತಾವಾಗಿಯೇ ಎರಗುತ್ತವೆ. ಅಂದರೆ ಬಿಡುವಿದ್ದಾಗ ಹಾಕಿಟ್ಟ ಮಂತ್ರ ಬಿಡುವಿಲ್ಲದಾಗ ಕೆಲಸ ಮಾಡುತ್ತದೆ. ಆರಂಭದಲ್ಲಿ ಒಮ್ಮೆಗೆ ಜೊತೆಗಿಟ್ಟುಕೊಳ್ಳುವ ಮಂತ್ರಗಳಿಗೆ ಇರುವುದು ಎರಡೇ ಸ್ಥಾನ. ಮೆಮೊರಿ ಸ್ಟೋನ್ ಸಿಕ್ಕಂತೆಲ್ಲ ಹೆಚ್ಚುತ್ತವೆ. ದೂರಕ್ಕೊಂದು, ಹತ್ತಿರಕ್ಕೊಂದು, ಮೊದಲೇ ಹಾಕಿಡಲು ಒಂದು ಎಂಬ ಕ್ರಮದಲ್ಲಿ ನಾನು ಅವನ್ನು ತುಂಬಿಕೊಂಡೆ.

ರಾಯಾ ಲುಕಾರಿಯಾ ವಿದ್ಯಾಪೀಠ ಮಾಂತ್ರಿಕನ ಬಿಲ್ಡ್‌ಗೆ ನಿಜವಾದ ಪರೀಕ್ಷೆ. ಒಳಗೆ ಹೋಗಲು ಬೇಕಾದ ಕೀಲಿ ಸ್ಮಾರಗ್ ಎಂಬ ಮಲಗಿರುವ ಡ್ರ್ಯಾಗನ್‌ನ ಹಿಂದೆ ಇದೆ, ಅದನ್ನು ಎಬ್ಬಿಸದೆ ತರಬಹುದು. ಒಳಗಿನ ಮಾಂತ್ರಿಕರ ಮೇಲೆ ಮಾಂತ್ರಿಕ ಹಾನಿ ಅಷ್ಟಾಗಿ ನಡೆಯುವುದಿಲ್ಲ. ಅವರ ರಾಣಿ ರೆನ್ನಾಲಾಳ ಎರಡನೆಯ ಹಂತದಲ್ಲಂತೂ ನೀಲಿ ಮಂತ್ರಗಳನ್ನು ಸುರಿಯುತ್ತ ಹೋದರೆ ಎಫ್‌ಪಿ ತೀರುತ್ತದೆ, ಅವಳ ಎಚ್‌ಪಿ ತೀರುವುದಿಲ್ಲ. ಅಲ್ಲಿ ನನಗೆ ಕೆಲಸಕ್ಕೆ ಬಂದದ್ದು ಬಂಡೆಗಳು. ಅವಳು ದೊಡ್ಡ ಮಂತ್ರವೊಂದನ್ನು ಹಾಕಿ ಮುಗಿಸಿದಾಗ ಅವಳಿಗೂ ಕ್ಷಣಕಾಲ ಚಲನೆಯಿರುವುದಿಲ್ಲ. ನಾನು ಕಾಯುತ್ತಿದ್ದುದು ಅದಕ್ಕೇ. ಎದುರಾಳಿಯೂ ಮಾಂತ್ರಿಕಳಾಗಿದ್ದಾಗ ನಮ್ಮ ಕಷ್ಟವೇ ಅವಳ ಕಷ್ಟವೂ ಆಗಿರುತ್ತದೆ ಎಂಬುದನ್ನು ಈ ಕಾಳಗ ಬಹಳ ಚೆನ್ನಾಗಿ ತೋರಿಸುತ್ತದೆ, ಮತ್ತು ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಕಾಳಗ ಅದು. ಇದೇ ವಿದ್ಯಾಪೀಠದಲ್ಲಿ ಸಿಗುವ ರಾಡಗಾನ್ ಐಕಾನ್ ಎಂಬ ತಾಯಿತ ಮಂತ್ರ ಹಾಕುವ ಹೊತ್ತನ್ನೇ ಕಡಿಮೆ ಮಾಡುತ್ತದೆ. ಅದನ್ನು ಧರಿಸಿದ ಮೇಲೆ ಕೊನೆಯವರೆಗೂ ತೆಗೆಯಲಿಲ್ಲ.

ರೆನ್ನಾಲಾಳನ್ನು ಗೆದ್ದ ಮೇಲೆ ಲಾರ್ವಲ್ ಟಿಯರ್ ಎಂಬ ವಸ್ತು ಕೊಟ್ಟು ಅಂಕಗಳನ್ನು ಹೊಸದಾಗಿ ಹಂಚಿಕೊಳ್ಳುವ ಅವಕಾಶ ತೆರೆದುಕೊಳ್ಳುತ್ತದೆ. ಸೋತಾಗ ಅವಳು ಬಿಟ್ಟುಹೋಗುವ ‘ನೆನಪು’ ಎಂಬ ವಸ್ತುವಿನಿಂದ ಪಡೆಯಬಹುದಾದ ಕ್ಯಾರಿಯನ್ ರೀಗಲ್ ಸೆಪ್ಟರ್ ಎಂಬ ದಂಡಕ್ಕೆ ಇಂಟೆಲಿಜೆನ್ಸ್ 60 ಬೇಕು. ಲೂಸಾಟ್‌ನ ದಂಡಕ್ಕೆ 52 ಸಾಕು, ಬಲವೂ ಹೆಚ್ಚು, ಆದರೆ ಪ್ರತಿ ಮಂತ್ರಕ್ಕೂ ಅರ್ಧದಷ್ಟು ಹೆಚ್ಚುವರಿ ಎಫ್‌ಪಿ ಕೀಳುತ್ತದೆ. ಹೆಚ್ಚು ಎಫ್‌ಪಿ ಎಂದರೆ ಹೆಚ್ಚು ನೀಲಿ ಫ್ಲಾಸ್ಕ್, ಫ್ಲಾಸ್ಕ್ ಕುಡಿಯುವುದೂ ಕೈಕಟ್ಟಿ ನಿಲ್ಲುವ ಹೊತ್ತೇ. ಹಾಗಾಗಿ ನಾನು ಸೆಪ್ಟರ್‌ಗಾಗಿ ಕಾದೆ, ಇಂಟೆಲಿಜೆನ್ಸ್ 60 ತಲುಪುವವರೆಗೆ ಮೀಟಿಯೊರೈಟ್ ದಂಡದಲ್ಲೇ ಕಾಲ ಹಾಕಿದೆ. ಕಾಮೆಟ್ ಅಝೂರ್ ಎಂಬ ಪ್ರಸಿದ್ಧ ಮಂತ್ರಕ್ಕೂ 60 ಬೇಕು. ಎಫ್‌ಪಿ ವೆಚ್ಚವನ್ನು ಕೆಲವು ಸೆಕೆಂಡು ಸೊನ್ನೆ ಮಾಡುವ ಸೆರುಲಿಯನ್ ಹಿಡನ್ ಟಿಯರ್ ಕುಡಿದು ಅದನ್ನು ಹಾಕಿದರೆ ದೊಡ್ಡ ಬಾಸ್‌ಗಳೂ ಕರಗಿಹೋಗುತ್ತಾರೆ. ನೋಡಲು ಭವ್ಯವಾಗಿದೆ, ಆದರೆ ಮೂರು ಸ್ಥಾನ ಹಿಡಿಯುವ ಆ ಮಂತ್ರ ಸ್ಥಿರವಾಗಿ ನಿಂತ ಶತ್ರುವಿಗೆ ಮಾತ್ರ ತಕ್ಕದ್ದು ಎಂದು ನಾನು ಅದನ್ನು ಖಾಯಂ ಮಾಡಿಕೊಳ್ಳಲಿಲ್ಲ.

ಆಟದ ಉತ್ತರಾರ್ಧದಲ್ಲಿ ತೊಡಕು ಬೇರೆ ರೂಪ ತಾಳುತ್ತದೆ. ನಾವು ಮಂತ್ರ ಹಾಕುವ ಗುಂಡಿ ಒತ್ತಿದ್ದನ್ನೇ ಗಮನಿಸಿ ಪಕ್ಕಕ್ಕೆ ಜಿಗಿಯುವ ಶತ್ರುಗಳು ಹೆಚ್ಚುತ್ತಾರೆ. ಮಲೇನಿಯಾ ಎಂಬ ಬಾಸ್ ಇದರಲ್ಲಿ ನಿಪುಣೆ. ಇಂಥವರಿಗೆ ನೈಟ್ ಕಾಮೆಟ್ ಮದ್ದು. ಇಂಟೆಲಿಜೆನ್ಸ್ 38 ಬೇಡುವ ಈ ಅರೆಗಾಣುವ ಮಂತ್ರಕ್ಕೆ ಅವರು ಜಿಗಿಯುವುದಿಲ್ಲ. ಜೊತೆಗೆ ಎಡಗೈಗೆ ದಂಡ, ಬಲಗೈಗೆ ಗೇಲ್ ಸುರಂಗದ ಮ್ಯಾಗ್ಮಾ ವೈರ್ಮ್ ಕೊಡುವ ಮೂನ್‌ವೇಲ್ ಕತ್ತಿ ಇಟ್ಟುಕೊಂಡೆ. ಅದಕ್ಕೆ ಸ್ಟ್ರೆಂತ್ 12, ಡೆಕ್ಸ್ಟೆರಿಟಿ 18, ಇಂಟೆಲಿಜೆನ್ಸ್ 23 ಬೇಕು. ಆಸ್ಟ್ರಾಲಜರ್‌ಗೆ ಹತ್ತು ಅಂಕಗಳ ಹೆಚ್ಚುವರಿ ಖರ್ಚು. ಡೆಕ್ಸ್ಟೆರಿಟಿ ಏರಿದಂತೆ ಮಂತ್ರ ಹಾಕುವ ವೇಗವೂ ತುಸು ಏರುವುದರಿಂದ ಆ ಖರ್ಚು ಪೂರ್ತಿ ವ್ಯರ್ಥವಲ್ಲ.

ಕೊನೆಗೆ 148ನೆಯ ಲೆವೆಲ್‌ನಲ್ಲಿ ನನ್ನ ಪಾತ್ರ ಹೀಗಿತ್ತು: ವಿಗರ್ 55, ಮೈಂಡ್ 28, ಎಂಡ್ಯೂರೆನ್ಸ್ 18, ಸ್ಟ್ರೆಂತ್ 12, ಡೆಕ್ಸ್ಟೆರಿಟಿ 18, ಇಂಟೆಲಿಜೆನ್ಸ್ 80, ಫೇತ್ ಮತ್ತು ಆರ್ಕೇನ್ ಆರಂಭದಲ್ಲಿದ್ದ 7 ಮತ್ತು 9ರಲ್ಲೇ ಉಳಿದವು. 80ರ ನಂತರ ಇಂಟೆಲಿಜೆನ್ಸ್ ಏರಿಸಿದರೆ ಸಿಗುವ ಲಾಭ ತೀರ ಕಡಿಮೆ, ಆದ್ದರಿಂದ ಅಲ್ಲಿಂದ ಮುಂದೆ ಬಂದ ಲೆವೆಲ್‌ಗಳನ್ನು ವಿಗರ್ 60 ಆಗುವವರೆಗೆ ಅದಕ್ಕೂ, ಆಮೇಲೆ ಮೈಂಡ್‌ಗೂ ಕೊಡುವುದೆಂದು ತೀರ್ಮಾನಿಸಿದೆ.